ಪ್ರೈವೇಟ್ ಲಿಮಿಟೆಡ್ ಕಂಪನಿ ರಿಜಿಸ್ಟರ್ ಆಯ್ತು, ಮುಂದೇನು?

ಸರ್ಟಿಫಿಕೇಟ್ ಕೈಗೆ ಬಂದ ದಿನದಿಂದ ಕಂಪನಿ ಬೇರೆ, ನೀವು ಬೇರೆ. 2013ರ ಕಂಪನಿ ಕಾಯ್ದೆ ಓದುವಾಗ ಇದೊಂದು ತಲೆಯಲ್ಲಿದ್ದರೆ ಉಳಿದದ್ದು ಬೇಗ ಅರ್ಥವಾಗುತ್ತದೆ.

ಮೊದಲು ಕಂಪನಿ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಿರಿ. ಷೇರಿಗೆ ಸಹಿ ಹಾಕಿದ ಪ್ರತಿಯೊಬ್ಬರೂ ತಮ್ಮ ಪಾಲಿನ ದುಡ್ಡನ್ನು ತಮ್ಮ ಖಾತೆಯಿಂದಲೇ ಹಾಕಲಿ. ಆಮೇಲೆ, ಕಂಪನಿ ರಿಜಿಸ್ಟರ್ ಆದ 180 ದಿನದೊಳಗೆ, ಎಂಸಿಎ (ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ ಐಎನ್‌ಸಿ-20ಎ ಫಾರ್ಮ್, ಅಂದರೆ ಷೇರಿನ ದುಡ್ಡು ಬಂದಿದೆ ಎನ್ನುವ ಘೋಷಣೆ, ಸಲ್ಲಿಸಬೇಕು. ಅದಿಲ್ಲದೆ ವ್ಯವಹಾರ ಶುರು ಮಾಡುವ ಹಾಗಿಲ್ಲ, ಸಾಲ ಎತ್ತುವ ಹಾಗೂ ಇಲ್ಲ. ಜಾಸ್ತಿ ಜನ ಮರೆಯುವುದು ಇದನ್ನೇ.

ಮೊದಲ 30 ದಿನದಲ್ಲಿ ಬೋರ್ಡ್ ಮೀಟಿಂಗ್ ಮಾಡಿ, ಆಡಿಟರ್ ನೇಮಿಸಿ, ಮಿನಿಟ್ಸ್ (ಸಭೆಯ ನಡಾವಳಿ) ಬರೆದಿಡಿ. ಇರುವುದು ಇಬ್ಬರೇ ಡೈರೆಕ್ಟರು, ಅದೂ ಗಂಡ ಹೆಂಡತಿ ಅಂದರೂ ಬರೆಯಲೇಬೇಕು.

ಇನ್ನು ದುಡ್ಡಿನ ವಿಷಯ. ಷೇರೆಲ್ಲ ನಿಮ್ಮದೇ ಆದರೂ ಖಾತೆಯಲ್ಲಿರುವ ದುಡ್ಡು ಕಂಪನಿಯದು. ಸಂಬಳ ತಗೊಳ್ಳಿ, ಲಾಭ ಬಂದರೆ ಡಿವಿಡೆಂಡ್ ತಗೊಳ್ಳಿ, ಕಂಪನಿಗಾಗಿ ಕೈಯಿಂದ ಹಾಕಿದ ಖರ್ಚನ್ನು ಬಿಲ್ ಕೊಟ್ಟು ವಾಪಸ್ ಪಡೆಯಿರಿ. ಅದು ಬಿಟ್ಟು, ಮಗಳ ಸ್ಕೂಲ್ ಫೀಸನ್ನು ಕಂಪನಿ ಖಾತೆಯಿಂದ ಕಟ್ಟಿ 'ಆಮೇಲೆ ಹಾಕ್ತೀನಿ ಬಿಡಿ' ಅಂದರೆ ಲೆಕ್ಕದಲ್ಲಿ ಅದು ಡೈರೆಕ್ಟರಿಗೆ ಕೊಟ್ಟ ಸಾಲ, ಅಲ್ವಾ? ಅಲ್ಲಿಗೆ ಡೈರೆಕ್ಟರಿಗೆ ಸಾಲ ಕೊಡುವುದನ್ನು ತಡೆಯುವ 185ನೇ ಸೆಕ್ಷನ್ ಬಂದು ಕೂರುತ್ತದೆ. ತಪ್ಪಾದರೆ ಕಂಪನಿಗೆ ಕನಿಷ್ಠ 5 ಲಕ್ಷ ದಂಡ, ಸಾಲ ಪಡೆದ ಡೈರೆಕ್ಟರಿಗೆ 6 ತಿಂಗಳವರೆಗೆ ಜೈಲೂ ಆಗಬಹುದು. ಪ್ರೈವೇಟ್ ಕಂಪನಿಗಳಿಗೆ ಇದರಿಂದ ವಿನಾಯಿತಿ ಸಿಗುವ ದಾರಿ ಇದೆ ನಿಜ, ಆದರೆ ಷರತ್ತುಗಳಿವೆ, ಅದರಲ್ಲೊಂದು ವಾರ್ಷಿಕ ಲೆಕ್ಕಪತ್ರ ಬಾಕಿ ಇಟ್ಟಿರಬಾರದು ಎನ್ನುವುದು.

ಆ ಲೆಕ್ಕಪತ್ರ ಅಂದರೆ ಎರಡು ಫಾರ್ಮ್: ಹಣಕಾಸಿನ ಲೆಕ್ಕದ ಎಒಸಿ-4 ಮತ್ತು ವಾರ್ಷಿಕ ರಿಟರ್ನ್ ಆದ ಎಂಜಿಟಿ-7 (ಸಣ್ಣ ಕಂಪನಿಗೆ 7ಎ). ವಾರ್ಷಿಕ ಸಭೆ ಆದಮೇಲೆ ಮೊದಲನೆಯದಕ್ಕೆ 30 ದಿನ, ಎರಡನೆಯದಕ್ಕೆ 60 ದಿನ. ತಡವಾದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ. 'ವ್ಯಾಪಾರವೇ ಆಗಿಲ್ಲ, ಸುಮ್ನೆ ಬಿಟ್ಟಿದ್ದೀವಿ' ಅನ್ನುವ ಕಂಪನಿಗೂ ಇದು ತಪ್ಪಿದ್ದಲ್ಲ. ಸತತ 3 ವರ್ಷ ಸಲ್ಲಿಸದಿದ್ದರೆ ಡೈರೆಕ್ಟರುಗಳು 5 ವರ್ಷ ಅನರ್ಹರಾಗುತ್ತಾರೆ, ಬೇರೆ ಕಂಪನಿಗೂ ಡೈರೆಕ್ಟರ್ ಆಗಿ ಹೋಗುವ ಹಾಗಿಲ್ಲ.

ಇನ್ನೊಂದು ಮಾತು, ಗೆಳೆಯರಿಬ್ಬರು ಸೇರಿ ಶುರು ಮಾಡುವವರಿಗೆ. 50-50 ಷೇರು ಹಂಚಿಕೊಳ್ಳುವ ಮುಂಚೆ ಯೋಚಿಸಿ. ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಜಾಸ್ತಿ ಮತ ಬೇಕು, ವಿಶೇಷ ನಿರ್ಣಯಕ್ಕೆ ಮುಕ್ಕಾಲು ಭಾಗ. ಇಬ್ಬರಿಗೂ ಸಮ ಇದ್ದು ಮನಸ್ತಾಪ ಬಂದರೆ ಯಾವ ನಿರ್ಣಯವೂ ಪಾಸಾಗದೆ ಕಂಪನಿ ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಜಗಳ ಬಂದರೆ ಕೊನೆ ಮಾತು ಯಾರದು, ಒಬ್ಬರು ಬಿಟ್ಟುಹೋದರೆ ಅವರ ಷೇರನ್ನು ಯಾವ ಬೆಲೆಗೆ ಯಾರು ಕೊಳ್ಳಬೇಕು ಎನ್ನುವುದನ್ನು ಸ್ನೇಹ ಚೆನ್ನಾಗಿರುವಾಗಲೇ ಆರ್ಟಿಕಲ್ಸ್‌ನಲ್ಲಿ (ಕಂಪನಿಯ ಒಳನಿಯಮಗಳ ಪತ್ರ) ಬರೆಸಿಕೊಳ್ಳಿ.