ಡೈ ಹಾಕಿದ ಮೇಲೆ ಒಂದು ಬದಿ ಸೋತರೆ

ಸ್ಕ್ಯಾನಿನ ಚೀಟಿ ಹಿಡಿದು ಸಾಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬರುವವರಲ್ಲಿ ಒಂದು ಅಳುಕು ಇದ್ದೇ ಇರುತ್ತದೆ: ಒಳಗಿನದು ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಹಾಕುವ ಈ ಡೈಯಿಂದ ಲಕ್ವ ಹೊಡೆದರೆ? ಕೈ ನರಕ್ಕೆ ಚುಚ್ಚಿ ಮಾಡುವ ಸಿಟಿ ಸ್ಕ್ಯಾನ್‌ನಲ್ಲಿ ಅದು ತೀರಾ ಅಪರೂಪ. ನಳಿಕೆ ತೂರಿಸಿ ರಕ್ತನಾಳ ನೋಡುವ ಆಂಜಿಯೋಗ್ರಾಮ್ ಬೇರೆ. ಅಲ್ಲಿ ಮಣಿಕಟ್ಟು ಇಲ್ಲವೇ ತೊಡೆಸಂದಿನ ಅಪಧಮನಿಯೊಳಗೆ ನಳಿಕೆ ಹೋಗುತ್ತದೆ. ಕೊಬ್ಬಿನ ಚೂರೋ ಹೆಪ್ಪುಗಟ್ಟಿದ ರಕ್ತವೋ ಕಳಚಿ ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ನಿಜವಾದ ಪಾರ್ಶ್ವವಾಯು. ಅಪರೂಪಕ್ಕೆ ಡೈಯೇ ಮಿದುಳಿಗೆ ಸೋರಿ ಕೆರಳಿಸಿದಾಗಲೂ ಒಂದು ಬದಿ ಸೋಲುತ್ತದೆ, ಕಣ್ಣು ಮಂಜಾಗುತ್ತದೆ. ಇದು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಯಾವುದು ಯಾವುದೆಂದು ಹೊರಗಿನಿಂದ ಹೇಳಲಾಗದು. ಆದ್ದರಿಂದ 'ಡೈ ಇಳಿದರೆ ಸರಿಹೋಗುತ್ತೆ' ಎಂಬ ಮಾತು ನಂಬಿ ಕೂರಬೇಡಿ.

ಹೋಗುವಾಗ ಕಿಡ್ನಿ ಹೇಗಿದೆಯೆಂದು ಹೇಳುವ ಕ್ರಿಯೇಟಿನಿನ್ ರಕ್ತಪರೀಕ್ಷೆಯ ರಿಪೋರ್ಟು, ನುಂಗುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಹಿಂದೆ ಡೈಯಿಂದ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಮೊದಲೇ ಹೇಳಿ. ಏಡಿ, ಸೀಗಡಿ ಆಗದವರು ಡೈಯಲ್ಲಿರುವ ಅಯೋಡಿನ್‌ಗೆ ಹೆದರಬೇಕಿಲ್ಲ. ಕಿಡ್ನಿ ಸೋತವರು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನು 48 ಗಂಟೆ ನಿಲ್ಲಿಸಿ, ಕ್ರಿಯೇಟಿನಿನ್ ಮತ್ತೆ ನೋಡಿ ಶುರುಮಾಡಿಸುವುದು ವಾಡಿಕೆ, ಡಾಕ್ಟರನ್ನು ಕೇಳಿ.

ಮೊದಲೇ ಲಕ್ವ ಆದವರಾದರೆ ಸೋತ ಕೈಗೆ ಸೂಜಿ ಬೇಡವೆಂದು ಸಿಸ್ಟರ್‌ಗೆ ಹೇಳಿ. ರಕ್ತನಾಳ ನೋಡುವ ಸಿಟಿ ಸ್ಕ್ಯಾನ್ ಆದ ಸಿಟಿ ಆಂಜಿಯೋದಲ್ಲಿ ಪಂಪು ಸೆಕೆಂಡಿಗೆ 4–5 ಮಿ.ಲೀ. ಡೈ ನೂಕುತ್ತದೆ. ನರ ಒಡೆದು ಚರ್ಮದಡಿ ಸೋರಿದರೆ ಸ್ಪರ್ಶವಿಲ್ಲದ ಕೈಗೆ ಉರಿಯೇ ತಿಳಿಯದು. ತೋಳು ಊದಿಕೊಂಡ ಮೇಲಷ್ಟೇ ಗೊತ್ತಾಗುವುದು. ಡೈ ಹೋಗುವಾಗ ಮೈಯೆಲ್ಲ ಬಿಸಿಯಾಗುವುದು, ಬಾಯಿಗೆ ಕಬ್ಬಿಣದ ರುಚಿ ಬರುವುದು, ಮೂತ್ರ ಹೋದಂತೆನಿಸುವುದು ಮಾಮೂಲಿ. ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ.

ಮನೆಗೆ ಬಂದ ಮೇಲೆ ಲಕ್ವದ ಸಂಶಯ ಬಂದರೆ ಮೊದಲು ಬಾಯಲ್ಲಿರುವ ಕವಳ ಉಗುಳಿಸಿ. ಕೆನ್ನೆಯಲ್ಲಿ ಎಲೆಅಡಿಕೆ ಇದ್ದರೆ ಮಾತು ತೊದಲಿದ್ದೂ ತಿಳಿಯದು, ಬಾಯಿ ಸೊಟ್ಟಗಾದದ್ದೂ ಕಾಣದು. ಆಮೇಲೆ ಹಲ್ಲು ತೋರಿಸಲು ಹೇಳಿ. ಕಣ್ಣು ಮುಚ್ಚಿಸಿ, ಎರಡೂ ಕೈಗಳನ್ನು ಅಂಗೈ ಮೇಲಾಗಿ ಹತ್ತು ಸೆಕೆಂಡು ಮುಂದೆ ಚಾಚಿಸಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಇಲ್ಲವೇ ಒಂದು ಕೈ ತಾನಾಗಿ ಕೆಳಗಿಳಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಆಂಜಿಯೋಗ್ರಾಮ್ ಆದ ಮೇಲೆ ಮಣಿಕಟ್ಟಿಗೆ ಕಟ್ಟುವ ಬಿಗಿ ಪಟ್ಟಿಯಿಂದ ಬೆರಳು ಜೋಮು ಹಿಡಿಯಬಹುದು, ಬಾಯಿ ಸೊಟ್ಟಗಾಗದು.

ನೀರು, ಮಾತ್ರೆ ಏನೂ ಕೊಡಬೇಡಿ. ನುಂಗಲು ಆಗದೆ ಶ್ವಾಸಕೋಶಕ್ಕೆ ಇಳಿಯಬಹುದು. ಎಣ್ಣೆ ತಿಕ್ಕಿಸಲು ಹೊತ್ತು ಕಳೆಯಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಮಲೆನಾಡಿನ ರಸ್ತೆಯೇ ಅದರಲ್ಲಿ ಒಂದೂವರೆ ಎರಡು ತಾಸು ನುಂಗುತ್ತದೆ. ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ, ಡೈ ಹಾಕಿದ್ದು ಎಷ್ಟು ಗಂಟೆಗೆ, ಎರಡನ್ನೂ ಬರೆದುಕೊಂಡು ಹೋಗಿ. ಸೋರಿದ ಡೈ, ರಕ್ತಸ್ರಾವ ಎರಡೂ ಸಿಟಿಯಲ್ಲಿ ಬೆಳ್ಳಗೇ ಕಾಣುತ್ತವೆ, ಡೈ ಹಾಕಿದ್ದು ತಿಳಿಯದಿದ್ದರೆ ಓದುವವರು ಮೋಸಹೋಗಬಹುದು.