ಹಳೆಯ ಡೆಸ್ಕ್‌ಟಾಪ್‌ಗೆ ಪೈಥಾನ್ ಹಾಕಿದ ಎರಡು ದಿನ

ಅಕ್ಕನ ಮಗಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಆಸೆ. ಅವಳ ಪಾಲಿಗೆ ಸಿಕ್ಕಿದ್ದು ಮನೆಯ ಹಳೆಯ ಡೆಸ್ಕ್‌ಟಾಪ್. ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್, ವಿಂಡೋಸ್ 7. "ಮಾಮ, ಇದ್ರಲ್ಲಿ ಆಗುತ್ತಾ?" ಅಂತ ಕೇಳಿದಳು. ಆಗುತ್ತೆ ಅಂದೆ. ಆಯಿತು ಕೂಡ, ಆದರೆ ಪೂರಾ ಎರಡು ದಿನ ಹಿಡಿಯಿತು. ಇಂಥದ್ದೇ ಕಂಪ್ಯೂಟರ್ ಇಟ್ಟುಕೊಂಡು ಕಷ್ಟಪಡುತ್ತಿರುವವರಿಗೆ ಉಪಯೋಗವಾಗಲಿ ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನದಲ್ಲಿ ಎಲ್ಲರಂತೆ ನಾನೂ ಹೊಸ ಪೈಥಾನ್ ಇಳಿಸಿಕೊಂಡೆ. ಇನ್‌ಸ್ಟಾಲರ್ ಶುರುವಾಗುತ್ತಲೇ ನಿಂತಿತು. ಈ ವಿಂಡೋಸ್ ಹಳೆಯದು, ಇದಕ್ಕೆ ಆಗುವುದಿಲ್ಲ ಎಂಬುದೇ ಅದರ ಮಾತಿನ ಸಾರ. ವಿಷಯ ಇಷ್ಟೇ: ವಿಂಡೋಸ್ 7ರಲ್ಲಿ ಓಡುವ ಕೊನೆಯ ಸರಣಿ ಪೈಥಾನ್ 3.8. 2020ರಲ್ಲಿ ಬಂದ 3.9ರಿಂದ ಮುಂದೆ ಯಾವುದೂ ಅದರಲ್ಲಿ ಓಡುವುದಿಲ್ಲ. ಇನ್ನೂ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರಿಗೆ 3.4ಕ್ಕೇ ಗಡಿ. 3.8ರಲ್ಲೂ ಯಾವುದೋ ಒಂದನ್ನು ತೆಗೆದುಕೊಂಡರೆ ಆಗದು. ವಿಂಡೋಸ್‌ಗೆ ರೆಡಿ ಇನ್‌ಸ್ಟಾಲರ್ ಸಿಗುವುದು 3.8.10ರವರೆಗೆ ಮಾತ್ರ. ಅದರ ನಂತರ ಬಂದವು ಬರೀ ಸೋರ್ಸ್ ಕೋಡ್, ಅಂದರೆ ನೇರವಾಗಿ ಓಡಿಸಲಾಗದ ಮೂಲ ಬರಹ. ಆದ್ದರಿಂದ ಹುಡುಕಬೇಕಾದ ನಂಬರ್ 3.8.10. ಇದನ್ನು ಮೊದಲೇ ತಿಳಿದಿದ್ದರೆ ನನಗೆ ಅರ್ಧ ದಿನ ಉಳಿಯುತ್ತಿತ್ತು.

ಇಳಿಸುವ ಮುಂಚೆ ಇನ್ನೊಂದು ನೋಡಬೇಕು, 32 ಬಿಟ್ಟೋ 64 ಬಿಟ್ಟೋ ಅಂತ. ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಸಿಸ್ಟಮ್ ಟೈಪ್ ಎಂಬ ಸಾಲಿನಲ್ಲಿ ಬರೆದಿರುತ್ತದೆ. ಇಲ್ಲಿ ಹಲವರು ತಪ್ಪುತ್ತಾರೆ. ಕೋರ್ 2 ಡ್ಯುಯೊ 64 ಬಿಟ್ ಪ್ರೊಸೆಸರ್ರೇ. ಆದರೆ ಈ ಕಂಪ್ಯೂಟರ್‌ನಲ್ಲಿ ಹಾಕಿದ್ದ ವಿಂಡೋಸ್ 32 ಬಿಟ್. ಪೈಥಾನ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿಂಡೋಸನ್ನು, ಪ್ರೊಸೆಸರನ್ನಲ್ಲ. ಹಾಗಾಗಿ 32 ಬಿಟ್ ಇನ್‌ಸ್ಟಾಲರ್ರೇ ಬೇಕು. ಅಲ್ಲಿನ ಬ್ರೌಸರ್ ಹಳೆಯದಾಗಿ ಎಷ್ಟೋ ಪುಟಗಳು ತೆರೆಯುತ್ತಲೇ ಇರಲಿಲ್ಲ. ಅದಕ್ಕೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದೆ.

ಲಿನಕ್ಸ್ ಹಾಕಿಬಿಡಬಹುದಿತ್ತಲ್ಲ ಅಂತ ಕೆಲವರು ಕೇಳುತ್ತೀರಿ. ಹೌದು, ಕಂಪ್ಯೂಟರ್ ಖಾಲಿ ಇದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ, ನಿಮಗೂ ಅದನ್ನೇ ಹೇಳುತ್ತೇನೆ. ಆದರೆ ಇದರಲ್ಲಿ ಭಾವನವರ ಹಳೆಯ ಲೆಕ್ಕಪತ್ರದ ಸಾಫ್ಟ್‌ವೇರ್ ಇತ್ತು, ಅದು ವಿಂಡೋಸ್ ಬಿಟ್ಟು ಬೇರೆಡೆ ನಡೆಯದು. ಅದನ್ನು ಮುಟ್ಟುವಂತಿರಲಿಲ್ಲ.

3.8.10 ಓಡಿಸಿದೆ. ಮತ್ತೆ ಸೆಟಪ್ ಫೇಲ್! ಈ ಸಲ ಮೆಸೇಜನ್ನು ಪೂರ್ತಿ ಓದಿದೆ. ಸರ್ವಿಸ್ ಪ್ಯಾಕ್ 1 (ವಿಂಡೋಸ್‌ನ ಹಲವು ಅಪ್‌ಡೇಟ್‌ಗಳ ಒಟ್ಟು ಕಟ್ಟು) ಬೇಕು, ಜೊತೆಗೆ ಕೆಬಿ2533623 ಎಂಬ ಅಪ್‌ಡೇಟ್ ಬೇಕು ಅಂತ ಇತ್ತು. ಸರ್ವಿಸ್ ಪ್ಯಾಕ್ ಇದೆಯೋ ಇಲ್ಲವೋ ತಿಳಿಯಲು ಸ್ಟಾರ್ಟ್ ಮೆನುವಿನಲ್ಲಿ ವಿನ್‌ವರ್ (winver) ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು. ಬಿಲ್ಡ್ 7601 ಅಂತ ಕಂಡರೆ ಇದೆ, 7600 ಅಂತ ಕಂಡರೆ ಇಲ್ಲ. ನಮ್ಮದು 7601. ಅಂದರೆ ಕೊರತೆ ಇದ್ದದ್ದು ಅಪ್‌ಡೇಟ್‌ನದು.

ಆ ನಂಬರ್ ಹುಡುಕಿದರೆ ಮೈಕ್ರೋಸಾಫ್ಟ್‌ನಲ್ಲಿ ಅದು ಸಿಗಲೇ ಇಲ್ಲ. ಸುಮಾರು ಹೊತ್ತು ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದನ್ನು ತೆಗೆದು ಅದರ ಜಾಗಕ್ಕೆ ಕೆಬಿ3063858 ಎಂಬುದನ್ನು ಕೊಟ್ಟಿದ್ದಾರೆ. ಇನ್‌ಸ್ಟಾಲರ್ ಮಾತ್ರ ಹಳೆಯ ನಂಬರನ್ನೇ ಹೇಳುತ್ತದೆ. ಹೊಸದರ 32 ಬಿಟ್ ಫೈಲ್ ತಂದು ಹಾಕಿ, ರೀಸ್ಟಾರ್ಟ್ ಮಾಡಿದೆ. ಈ ಅಪ್‌ಡೇಟ್ ಯಾಕೆ ಬೇಕು ಅಂದರೆ, 3.8ರಿಂದ ಪೈಥಾನ್ ಡಿಎಲ್‌ಎಲ್ ಫೈಲ್‌ಗಳನ್ನು (ಪ್ರೋಗ್ರಾಂಗಳು ಓಡುವಾಗ ಬಳಸಿಕೊಳ್ಳುವ ಕೋಡ್ ಇರುವ ಫೈಲ್‌ಗಳು) ಹುಡುಕುವ ರೀತಿ ಬದಲಾಯಿತು. ಸುಮ್ನೆ ಎಲ್ಲೆಂದರಲ್ಲಿ ಹುಡುಕದೆ, ಹೇಳಿದ ಫೋಲ್ಡರ್‌ಗಳಲ್ಲಿ ಮಾತ್ರ ಹುಡುಕುತ್ತದೆ. ಹಾಗೆ ಹುಡುಕುವ ಸೌಲಭ್ಯ ಮೂಲ ವಿಂಡೋಸ್ 7ರಲ್ಲಿ ಇರಲಿಲ್ಲ, ಈ ಅಪ್‌ಡೇಟ್‌ನಿಂದ ಬಂತು.

ಈಗ ಇನ್‌ಸ್ಟಾಲ್ ಆಯಿತು. ಖುಷಿಯಿಂದ ಪೈಥಾನ್ ತೆರೆದರೆ ಇನ್ನೊಂದು ಡಬ್ಬಿ ಎದುರು ನಿಂತಿತು. ಎಪಿಐ-ಎಂಎಸ್-ವಿನ್-ಸಿಆರ್‌ಟಿ-ರನ್‌ಟೈಮ್ ಎಂದು ಶುರುವಾಗುವ ಉದ್ದ ಹೆಸರಿನ ಡಿಎಲ್‌ಎಲ್ ಇಲ್ಲ ಅಂತ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಈ ಹೆಸರನ್ನು ಇಂಟರ್ನೆಟ್‌ನಲ್ಲಿ ಹುಡುಕಿದರೆ, ಆ ಒಂದೇ ಫೈಲನ್ನು ಕೊಡುತ್ತೇವೆ ಅನ್ನುವ ತಾಣಗಳು ಸಾಲುಗಟ್ಟಿ ಬರುತ್ತವೆ. ದಯವಿಟ್ಟು ಅವುಗಳ ಹತ್ತಿರ ಹೋಗಬೇಡಿ. ಆ ಫೈಲ್ ಒಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ಮೇಲಾಗಿ ಆ ಒಂದು ಫೈಲ್ ತಂದರೆ ಕೆಲಸ ಮುಗಿಯುವುದೂ ಇಲ್ಲ. ಅದು ಒಂದು ದೊಡ್ಡ ಗುಂಪಿನ ಒಂದು ಫೈಲ್ ಅಷ್ಟೇ. ಆ ಗುಂಪಿಗೆ ಯೂನಿವರ್ಸಲ್ ಸಿ ರನ್‌ಟೈಮ್ ಅಂತ ಹೆಸರು. ವಿಂಡೋಸ್ 10ರಲ್ಲಿ ಅದು ಹುಟ್ಟಿನಿಂದಲೇ ಇದೆ. ವಿಂಡೋಸ್ 7ಕ್ಕೆ ಅದನ್ನು ಕೆಬಿ2999226 ಎಂಬ ಅಪ್‌ಡೇಟ್ ಆಗಿ ಕೊಟ್ಟಿದ್ದಾರೆ. ವರ್ಷಗಟ್ಟಲೆ ಅಪ್‌ಡೇಟ್ ಮಾಡದ ಕಂಪ್ಯೂಟರ್‌ನಲ್ಲಿ ಅದು ಇರುವುದಿಲ್ಲ. ಮೈಕ್ರೋಸಾಫ್ಟ್‌ನಿಂದಲೇ ಅದನ್ನು ತಂದು ಹಾಕಿದೆ, ಆ ಡಬ್ಬಿ ಮತ್ತೆ ಬರಲಿಲ್ಲ.

ಮುಂದಿನದು ಚಿಕ್ಕದು. ಕಮಾಂಡ್ ಪ್ರಾಂಪ್ಟ್ ಎಂಬ, ಕಮಾಂಡ್ ಬರೆಯುವ ಕಪ್ಪು ಕಿಟಕಿಯಲ್ಲಿ ಪೈಥಾನ್ ಅಂತ ಟೈಪ್ ಮಾಡಿದರೆ ಅಂಥ ಕಮಾಂಡ್ ಇಲ್ಲ ಅಂದಿತು. ಇನ್‌ಸ್ಟಾಲ್ ಮಾಡುವಾಗ ಮೊದಲ ಪರದೆಯ ಕೆಳಗೆ, ಪೈಥಾನನ್ನು ಪಾತ್‌ಗೆ ಸೇರಿಸಿ ಎಂಬ ಚೌಕಕ್ಕೆ ಟಿಕ್ ಹಾಕಿರಲಿಲ್ಲ. ಪಾತ್ ಅಂದರೆ ಕಮಾಂಡ್‌ಗಳಿಗಾಗಿ ವಿಂಡೋಸ್ ಹುಡುಕುವ ಫೋಲ್ಡರ್‌ಗಳ ಪಟ್ಟಿ. ಪಿ, ವೈ ಎಂಬ ಎರಡೇ ಅಕ್ಷರ ಟೈಪ್ ಮಾಡಿದರೆ ಆಗಲೂ ಪೈಥಾನ್ ಓಡುತ್ತದೆ. ಅದು ಲಾಂಚರ್, ವಿಂಡೋಸ್ ಫೋಲ್ಡರ್‌ನಲ್ಲೇ ಕೂರುತ್ತದೆ. ಆದರೆ ಕಲಿಯುವ ಮಗು ಪುಸ್ತಕದಲ್ಲಿ ನೋಡಿದ್ದನ್ನೇ ಟೈಪ್ ಮಾಡುತ್ತದೆ, ಅಲ್ವಾ? ಹಾಗಾಗಿ ಇನ್‌ಸ್ಟಾಲರನ್ನು ಮತ್ತೆ ಓಡಿಸಿ, ಮಾಡಿಫೈ ಒತ್ತಿ, ಆ ಟಿಕ್ ಹಾಕಿದೆ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಮುಚ್ಚಿ ಹೊಸದಾಗಿ ತೆರೆಯಬೇಕು. ಹಳೆಯ ಕಿಟಕಿಗೆ ಹೊಸ ಪಾತ್ ಗೊತ್ತಾಗುವುದಿಲ್ಲ.

ಮೊದಲ ದಿನ ಇಷ್ಟಕ್ಕೆ ಮುಗಿಯಿತು. ಮಾರನೆಯ ದಿನ ಬೆಳಗ್ಗೆ ನಂಪೈ ಎಂಬ ಲೆಕ್ಕದ ಲೈಬ್ರರಿ (ಬೇರೆಯವರು ಬರೆದಿಟ್ಟ ರೆಡಿ ಕೋಡ್) ಹಾಕೋಣ ಅಂತ, ಲೈಬ್ರರಿಗಳನ್ನು ಇಳಿಸಿ ಹಾಕುವ ಪಿಪ್ ಓಡಿಸಿದರೆ, ಸರ್ಟಿಫಿಕೇಟ್ ಪರಿಶೀಲನೆ ವಿಫಲ ಎಂದು ಕೆಂಪು ಅಕ್ಷರದಲ್ಲಿ ಸಾಲು ಸಾಲಾಗಿ ಬಂತು. ಪಿಪ್ ಕೆಟ್ಟಿದೆಯಾ, ಹಳೆಯ ವಿಂಡೋಸ್ ಅಂತ ಸರ್ವರ್ ಬೇಡ ಅನ್ನುತ್ತಿದೆಯಾ ಅಂತ ತುಂಬ ಹೊತ್ತು ಯೋಚಿಸಿದೆ. ಪರಿಶೀಲನೆಯನ್ನೇ ಬಿಟ್ಟುಬಿಡುವ ಒಂದು ಆಯ್ಕೆ ಪಿಪ್‌ನಲ್ಲಿ ಇದೆ. ಅದನ್ನು ಬಳಸಲು ಮನಸ್ಸು ಒಪ್ಪಲಿಲ್ಲ, ಬಳಸದೇ ಇದ್ದದ್ದು ಒಳ್ಳೆಯದಾಯಿತು. ಯಾಕಂದರೆ ಕಾರಣ ಪರದೆಯ ಮೂಲೆಯಲ್ಲೇ ಇತ್ತು. ಗಡಿಯಾರ 2009ರ ಜನವರಿ 1 ಅಂತ ತೋರಿಸುತ್ತಿತ್ತು!

ಸರ್ಟಿಫಿಕೇಟ್ ಅಂದರೆ ತಾಣ ಅಸಲಿ ಎಂದು ತೋರಿಸುವ ಡಿಜಿಟಲ್ ಪತ್ರ. ಅಂಥ ಪ್ರತಿಯೊಂದಕ್ಕೂ ಶುರುವಿನ ತಾರೀಖು, ಕೊನೆಯ ತಾರೀಖು ಇರುತ್ತದೆ. 2009ರಲ್ಲಿ ನಿಂತು ನೋಡಿದರೆ ಇಂದಿನ ಯಾವ ತಾಣದ ಸರ್ಟಿಫಿಕೇಟೂ ಇನ್ನೂ ಶುರುವೇ ಆಗಿಲ್ಲ. ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡಿದ್ದೆವು. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರಿಂದ ತಾರೀಖು ಹಿಂದಕ್ಕೆ ಹೋಗಿತ್ತು. ಅದು ಸಿಆರ್2032, 3 ವೋಲ್ಟ್‌ನದು. ಪವರ್ ಕೇಬಲ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಬ್ಯಾಟರಿ ಬದಲಿಸಿ, ತಾರೀಖು ಸರಿಮಾಡಿದೆ. ಪಿಪ್ ಒಂದೂ ಮಾತಾಡದೆ ಕೆಲಸ ಮಾಡಿತು. ಹಳೆಯ ಡೆಸ್ಕ್‌ಟಾಪ್ ಮುಂದೆ ಕೂತಾಗ ಈಗ ನಾನು ಮೊದಲು ನೋಡುವುದೇ ತಾರೀಖು.

ನಂಪೈ 1.24.4 ಬಂತು. 3.8ಕ್ಕೆ ಹೊಂದುವ ಕೊನೆಯ ಸರಣಿ 1.24, ಅದನ್ನು ಪಿಪ್ ತಾನೇ ಆರಿಸಿಕೊಂಡಿತು. ಇನ್ನೊಂದು ಲೈಬ್ರರಿಗೆ ಮಾತ್ರ ಈ ಅದೃಷ್ಟ ಇರಲಿಲ್ಲ. ಅದಕ್ಕೆ 32 ಬಿಟ್ ವಿಂಡೋಸ್‌ನ ರೆಡಿ ಫೈಲ್ ಇರಲಿಲ್ಲ. ಪಿಪ್ ಸೋರ್ಸ್ ಇಳಿಸಿ, ಇಲ್ಲೇ ಕಂಪೈಲ್ ಮಾಡಲು (ಓಡುವ ಫೈಲ್ ಆಗಿಸಲು) ಹೊರಟು, ಅದಕ್ಕೆ ವಿಷುಯಲ್ ಸಿ ಪ್ಲಸ್ ಪ್ಲಸ್ 14 ಎಂಬ ಟೂಲ್ಸ್ ಬೇಕು ಅಂತ ನಿಂತಿತು. 2 ಜಿಬಿ ರ‍್ಯಾಮ್‌ನ ಕಂಪ್ಯೂಟರ್‌ಗೆ ಅಷ್ಟು ದೊಡ್ಡ ಟೂಲ್ಸ್ ತುಂಬುವುದು ಸರಿಯಲ್ಲ ಅನ್ನಿಸಿ, ಆ ಲೈಬ್ರರಿಯನ್ನೇ ಕೈಬಿಟ್ಟೆ. ಕಲಿಕೆಯ ಶುರುವಿಗೆ ಅದು ಬೇಕಾಗಿಯೂ ಇರಲಿಲ್ಲ.

ಅವಳು ಬರೆದ ಮೊದಲ ಪ್ರೋಗ್ರಾಂ ತನ್ನ ಹೆಸರನ್ನು ಕನ್ನಡದಲ್ಲಿ ಪ್ರಿಂಟ್ ಮಾಡುವುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಬಂದದ್ದು ಬರೀ ಚೌಕಗಳು. ಮುಖ ಬಾಡಿತು. ತಪ್ಪು ಪೈಥಾನ್‌ನದಲ್ಲ, ಆ ಕಪ್ಪು ಕಿಟಕಿಗೆ ಕನ್ನಡ ಬರೆಯಲು ಬರುವುದಿಲ್ಲ ಅಷ್ಟೇ. ಅದೇ ಪ್ರೋಗ್ರಾಮನ್ನು ಪೈಥಾನ್ ಜೊತೆಗೇ ಬರುವ ಐಡಲ್ ಎಂಬ ಎಡಿಟರ್‌ನಲ್ಲಿ ಓಡಿಸಿದೆವು. ಕನ್ನಡ ಚೆನ್ನಾಗಿ ಮೂಡಿತು. ಆಮೇಲೆ ಅದನ್ನು ಫೈಲ್‌ಗೆ ಬರೆಯಲು ಹೋದಾಗ ಚಾರ್‌ಮ್ಯಾಪ್ ಎಂಬ ಎರರ್ ಬಂತು. ವಿಂಡೋಸ್‌ನಲ್ಲಿ ಪೈಥಾನ್ 3.8 ಫೈಲನ್ನು ಸಿಸ್ಟಮ್‌ನ ಹಳೆಯ ಎನ್‌ಕೋಡಿಂಗ್‌ನಲ್ಲೇ (ಅಕ್ಷರಗಳನ್ನು ಅಂಕಿಗಳಾಗಿ ಬರೆದಿಡುವ ಪದ್ಧತಿ) ತೆರೆಯುತ್ತದೆ, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 (ಕನ್ನಡಕ್ಕೂ ಜಾಗವಿರುವ ಪದ್ಧತಿ) ಅಂತ ನಾವೇ ಹೇಳಬೇಕು. ಕನ್ನಡದಲ್ಲಿ ಕೆಲಸ ಮಾಡುವವರು ಇದನ್ನು ಮೊದಲ ದಿನವೇ ರೂಢಿ ಮಾಡಿಕೊಳ್ಳಿ.

ಒಂದು ಎಚ್ಚರಿಕೆ ಅವಳಿಗೂ ಹೇಳಿದ್ದೇನೆ. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲಿ ನಿಂತಿದೆ, ಪೈಥಾನ್ 3.8ಕ್ಕೆ 2024ರ ಅಕ್ಟೋಬರ್‌ನಲ್ಲಿ. ಈ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಕೆಲಸ, ಪಾಸ್‌ವರ್ಡ್ ಯಾವುದೂ ಬೇಡ. ಲೈಬ್ರರಿ ಬೇಕಾದಾಗ ಮಾತ್ರ ನೆಟ್ ಕೇಬಲ್ ಸಿಕ್ಕಿಸುತ್ತಾಳೆ, ಮುಗಿದ ಮೇಲೆ ತೆಗೆಯುತ್ತಾಳೆ.

ಹೊರಡುವ ಮುಂಚೆ ಒಂದು ಚೀಟಿಯಲ್ಲಿ 3.8.10, 32 ಬಿಟ್, ಎರಡು ಕೆಬಿ ನಂಬರ್, ಬ್ಯಾಟರಿ ಬದಲಿಸಿದ ತಾರೀಖು ಬರೆದು ಕ್ಯಾಬಿನೆಟ್ ಪಕ್ಕಕ್ಕೆ ಅಂಟಿಸಿದೆ. ಕೆಳಗೆ ಅವಳು ತನ್ನ ಅಕ್ಷರದಲ್ಲಿ ಯುಟಿಎಫ್-8 ಅಂತ ಸೇರಿಸಿದಳು.