ಬಿಎ ಎಕನಾಮಿಕ್ಸ್ ಓದಿದ್ದು: ಟೊಮೆಟೊ ಮಂಡಿ, ರೇಷನ್ ಅಕ್ಕಿ, ಒಂದು ಗ್ರಾಫ್ ಬುಕ್ಕು

ಬಿಎಲಿ ಎಕನಾಮಿಕ್ಸ್ ತಗೊಂಡಿರೋ ಜೂನಿಯರ್ಸ್ ನನ್ನ ಹತ್ರ ಕೇಳೋದು ಎರಡೇ ಪ್ರಶ್ನೆ, ಯಾವ ಗೈಡ್ ತಗೋಬೇಕು, ಮ್ಯಾಥ್ಸ್ ಇಲ್ದೇ ಆಗುತ್ತಾ. ಗೈಡ್ ಯಾವ್ದಾದ್ರೂ ತಗೊಳ್ಳಿ, ಎಕ್ಸಾಮ್ ಹಿಂದಿನ ವಾರ ಎಲ್ಲಾ ಗೈಡೂ ಒಂದೇ ಥರ ಕಾಣುತ್ತೆ. ಮ್ಯಾಥ್ಸ್ ವಿಷಯ ಆಮೇಲೆ ಹೇಳ್ತೀನಿ. ನಾನು ಓದಿದ್ದು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ, ಕನ್ನಡ ಮೀಡಿಯಂ, ಸೇರಿದ್ದು 2021ರಲ್ಲಿ, ಅಂದ್ರೆ ಎನ್‌ಇಪಿಯ ಮೊದಲ್ನೇ ಬ್ಯಾಚು (ಎನ್‌ಇಪಿ ಅಂದ್ರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ). ನಮ್ ಸೀನಿಯರ್ಸ್‌ಗೆಲ್ಲ ಎಚ್‌ಇಪಿ, ಇತಿಹಾಸ ಅರ್ಥಶಾಸ್ತ್ರ ರಾಜ್ಯಶಾಸ್ತ್ರ ಅಂತ ಮೂರಿತ್ತು, ನಮಗೆ ಎರಡು ಮೇಜರ್ ಮಾಡಿ ಕೊನೇಗೆ ಬೇಕಾದ್ರೆ ನಾಲ್ಕನೇ ವರ್ಷ ಆನರ್ಸ್ ಮಾಡಿ ಅಂದ್ರು, 2024-25ರಿಂದ ಸರ್ಕಾರ ಅದನ್ನೂ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೇ ವಾಪಸ್ ಹೋಯ್ತು. ಸಿಲಬಸ್ ಹೇಗಾದ್ರೂ ಬದಲಾಗ್ಲಿ, ಮೊದಲ್ನೇ ಸೆಮ್‌ಗೆ ಬೇಡಿಕೆ ರೇಖೆ, ಅಂದ್ರೆ ಯಾವ ಬೆಲೆಗೆ ಜನ ಎಷ್ಟು ಕೊಳ್ತಾರೆ ಅಂತ ತೋರಿಸೋ ಗೆರೆ, ಬಂದೇ ಬರುತ್ತೆ, ಹಾಗಾಗಿ ಅಲ್ಲಿಂದಾನೇ ಶುರು ಮಾಡ್ತೀನಿ.

ನಾನು ಮಾಡಿದ್ದು ಇಷ್ಟೇ. ಪುಸ್ತಕದಲ್ಲಿ ಯಾವ ಸಿದ್ಧಾಂತ ಬಂದ್ರೂ ಮೊದಲು ಅದಕ್ಕೆ ಸಣ್ಣ ಸಣ್ಣ ನಂಬರ್ ಹಾಕಿ ಕೈಯಲ್ಲೇ ಲೆಕ್ಕ ಮಾಡೋದು, ಆಮೇಲೆ ನಮ್ ಊರಲ್ಲಿ ನನಗೆ ಗೊತ್ತಿರೋ ಒಂದು ಬೆಲೆಗೆ ಅದನ್ನ ಹಚ್ಚಿ ಎಲ್ಲಿ ಕೂರುತ್ತೆ ಎಲ್ಲಿ ಕೂರಲ್ಲ ನೋಡೋದು. ಇದಕ್ಕೆ ಅಂತಾನೇ ಒಂದು ಗ್ರಾಫ್ ಬುಕ್ ಇಟ್ಕೊಂಡಿದ್ದೆ.

ಬೇಡಿಕೆ ರೇಖೆ ಬರೆಯೋವಾಗ ಬೆಲೆ ನಿಂತಿರೋ ಅಕ್ಷದಲ್ಲಿ, ಪ್ರಮಾಣ ಮಲಗಿರೋ ಅಕ್ಷದಲ್ಲಿ. ಹೈಸ್ಕೂಲ್ ಗಣಿತ ನೆನಪಿರೋರಿಗೆ ಇದು ಉಲ್ಟಾ ಅನ್ಸುತ್ತೆ, ಯಾಕಂದ್ರೆ ಬೆಲೆ ಕಾರಣ, ಕೊಳ್ಳೋ ಪ್ರಮಾಣ ಅದರ ಪರಿಣಾಮ ಅಂತ ತಾನೇ ಪಾಠ ಮಾಡ್ತಾರೆ, ಹಾಗಿದ್ರೆ ಕಾರಣ ಕೆಳಗಡೆ ಇರಬೇಕಿತ್ತು. ಇದು ಆಲ್‌ಫ್ರೆಡ್ ಮಾರ್ಷಲ್ ಕಾಲದಿಂದ, ಅಂದ್ರೆ 1890ರ ಸುಮಾರಿಂದ ಗಟ್ಟಿಯಾದ ಪದ್ಧತಿ, ಎಲ್ರೂ ಹಾಗೇ ಬರ್ಕೊಂಡು ಬಂದಿದ್ದಾರೆ ಅಷ್ಟೇ, ಅದರ ಹಿಂದೆ ದೊಡ್ಡ ರಹಸ್ಯ ಏನೂ ಇಲ್ಲ. ಇದನ್ನ ಮೊದಲ್ನೇ ದಿನಾನೇ ಹೇಳಿಬಿಟ್ರೆ ಅರ್ಧ ಕ್ಲಾಸಿನ ಗೊಂದಲ ಹೋಗುತ್ತೆ, ಯಾರೂ ಹೇಳಲ್ಲ.

ಸ್ಥಿತಿಸ್ಥಾಪಕತ್ವ, ಅಂದ್ರೆ ಬೆಲೆ ಶೇಕಡಾ ಒಂದು ಬದಲಾದ್ರೆ ಕೊಳ್ಳೋ ಪ್ರಮಾಣ ಶೇಕಡಾ ಎಷ್ಟು ಬದಲಾಗುತ್ತೆ ಅನ್ನೋ ಚಾಪ್ಟರ್‌ನಲ್ಲಿ ಎಲ್ರೂ ಐದು ವಿಧ ಬಾಯಿಪಾಠ ಮಾಡ್ತಾರೆ. ನಾನು ಮಾಡಿದ್ದು ಒಂದೇ ಒಂದು ನೇರ ರೇಖೆ ತಗೊಂಡು, ಪ್ರಮಾಣ = 100 − 2 × ಬೆಲೆ ಅಂತ. ಬೆಲೆ 10 ಇದ್ರೆ 80 ಮಾರಾಟ ಆಗುತ್ತೆ, ಸ್ಥಿತಿಸ್ಥಾಪಕತ್ವಕ್ಕೆ ಆ 2ನ್ನ ಬೆಲೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸ್ಬೇಕು, 2 × 10 ÷ 80, ಅಂದ್ರೆ 0.25. ಬೆಲೆ 25 ಆದ್ರೆ ಪ್ರಮಾಣ 50, ಸರಿಯಾಗಿ 1. ಬೆಲೆ 40 ಆದ್ರೆ ಪ್ರಮಾಣ 20, ಈಗ 4. ರೇಖೆ ಒಂದೇ, ಇಳಿಜಾರು ಒಂದೇ, ಆದ್ರೆ ಒಂದೊಂದು ಬಿಂದುವಲ್ಲಿ ಒಂದೊಂದು ಉತ್ತರ. ಪಕ್ಕದಲ್ಲೇ ಒಟ್ಟು ಆದಾಯಾನೂ ಬರ್ಕೊಳ್ಳಿ, 800, 1250, ಮತ್ತೆ 800. ಹತ್ತು ರೂಪಾಯಿಗೆ ಮಾರಿದ್ರೂ ನಲವತ್ತಕ್ಕೆ ಮಾರಿದ್ರೂ ಕೈಗೆ ಬರೋ ದುಡ್ಡು ಅಷ್ಟೇ! ಈ ಒಂದು ಪುಟ ಬರೆದ ಮೇಲೆ ಆ ಐದು ವಿಧ ನನಗೆ ಬಾಯಿಪಾಠ ಮಾಡೋ ಅವಶ್ಯಕತೇನೇ ಬರ್ಲಿಲ್ಲ.

ಈಗ ಟೊಮೆಟೊ. ಕೋಲಾರದ ಎಪಿಎಂಸಿ ಟೊಮೆಟೊಗೆ ಎಷ್ಟು ದೊಡ್ಡ ಮಾರುಕಟ್ಟೆ ಅಂತ ಬಿಡಿಸಿ ಹೇಳೋದು ಬೇಡ, ಇಲ್ಲಿಂದ ಲಾರಿಗಳು ಬೇರೆ ರಾಜ್ಯಕ್ಕೆಲ್ಲ ಹೋಗುತ್ತೆ, ಹರಾಜು ನಡೆಯೋದು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಒಂದು ಬಾಕ್ಸು ಎರಡು ಸಾವಿರ ದಾಟ್ತಲ್ಲ, ಆಗ ನಾನು ಎರಡನೇ ವರ್ಷ ಮುಗಿಸ್ತಾ ಇದ್ದೆ. ಕೆಜಿಗೆ 130ರ ಮೇಲೆ, ಅದೂ ಮಂಡೀಲೇ. ಹೊಲಕ್ಕೆ ಕಾವಲು ಕೂತಿದ್ರು ಜನ. ಅದಕ್ಕೂ ಮುಂಚೆ ರೇಟ್ ಬಿದ್ದು ಎಷ್ಟೋ ಜನ ಬೆಳೆ ಬಿಟ್ಟಿದ್ರು, ಅದರ ಮೇಲೆ ಬಿಂಗಿ ರೋಗ ಅಂತೀವಲ್ಲ, ಎಲೆ ಮುದುಡ್ಕೊಳ್ಳೋ ವೈರಸ್ಸು, ಅದೂ ಬಂತು, ಬೇರೆ ರಾಜ್ಯಗಳಲ್ಲಿ ಮಳೆ ಬೇರೆ. ಜುಲೈ ರೇಟ್ ನೋಡಿ ಎಲ್ರೂ ನರ್ಸರಿ ಮುಂದೆ ಸಸಿಗೆ ಕ್ಯೂ ನಿಂತ್ರು, ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲಕ್ಕೆ ಬಿತ್ತು.

ಪುಸ್ತಕದಲ್ಲಿ ಇದಕ್ಕೆ ಕಾಬ್‌ವೆಬ್ ಅಂತ ಅರ್ಧ ಪುಟ ಇರುತ್ತೆ, ಜೇಡರ ಬಲೆ ಥರ ಚಿತ್ರ ಬರುತ್ತೆ ಅಂತ ಆ ಹೆಸರು, 1934ರಲ್ಲಿ ನಿಕೊಲಸ್ ಕಾಲ್ಡೋರ್ ಇಟ್ಟಿದ್ದು. ಬಹಳ ಜನ ಇಂಪಾರ್ಟೆಂಟ್ ಅಲ್ಲ ಅಂತ ಬಿಟ್ಬಿಡ್ತಾರೆ. ನಾನು ಕೂತು ಲೆಕ್ಕ ಹಾಕ್ದೆ. ಬೇಡಿಕೆ ಮೇಲಿನದ್ದೇ, 100 − 2 × ಬೆಲೆ. ಪೂರೈಕೆ ಮಾತ್ರ ಹೋದ ಸೀಸನ್ ಬೆಲೆ ನೋಡಿ ನಿರ್ಧಾರ ಆಗುತ್ತೆ, 10 + ಹೋದ ಸಲದ ಬೆಲೆ ಅಂತ ಇಟ್ಕೊಳ್ಳಿ. ಸಮತೋಲನ ಬೆಲೆ, ಅಂದ್ರೆ ಬೇಡಿಕೆ ಪೂರೈಕೆ ಎರಡೂ ಸಮ ಆಗೋ ಬೆಲೆ, 30. ಯಾವ್ದೋ ಕಾರಣಕ್ಕೆ ಈ ಸಲ 40 ಆಯ್ತು ಅಂದ್ರೆ ಮುಂದಿನ ಸಲ 50 ಬಾಕ್ಸ್ ಬರುತ್ತೆ, ಬೆಲೆ 25ಕ್ಕೆ ಬೀಳುತ್ತೆ, ಅದನ್ನ ನೋಡಿ 35 ಬರುತ್ತೆ, ಬೆಲೆ 32.5 ಆಗುತ್ತೆ, ಆಮೇಲೆ 28.75, ಹೀಗೆ ತೂಗಾಡ್ತಾ ತೂಗಾಡ್ತಾ 30ರ ಹತ್ರ ಬಂದು ನಿಲ್ಲುತ್ತೆ. ಈಗ ರೈತರು ಬೆಲೆಗೆ ಜಾಸ್ತಿ ಕುಣಿಯೋರು ಅಂತ ಮಾಡಿ ನೋಡಿ, ಪೂರೈಕೆ = 3 × ಹೋದ ಸಲದ ಬೆಲೆ − 50. ಸಮತೋಲನ ಈಗ್ಲೂ 30ನೇ, ಆದ್ರೆ ಬೆಲೆ 32ರಿಂದ ಶುರು ಮಾಡಿದ್ರೂ ಸಾಕು, 27, 34.5, 23.25 ಅಂತ ಪ್ರತಿ ಸಲ ದೂರ ದೂರ ಹೋಗುತ್ತೆ. ಅಷ್ಟು ಸಣ್ಣ ವ್ಯತ್ಯಾಸದಿಂದ ಇಷ್ಟೊಂದು ಅಲ್ಲೋಲ ಕಲ್ಲೋಲ ಆಗೋದು ನೋಡಿ ನನಗೆ ನಿಜ್ವಾಗ್ಲೂ ಖುಷಿಯಾಯ್ತು, ಅವತ್ತಿಂದಾನೇ ಈ ಸಬ್ಜೆಕ್ಟ್ ಇಷ್ಟ ಆಗಿದ್ದು ಅಂದ್ರೂ ತಪ್ಪಿಲ್ಲ.

ಇದನ್ನ ಮನೇಲಿ ಚಿಕ್ಕಪ್ಪನಿಗೆ ತೋರಿಸಿದ್ರೆ ಅವರು ಕೇಳಿದ ಪ್ರಶ್ನೆ ಮಾತ್ರ ಯಾವ ಗೈಡಲ್ಲೂ ಇರ್ಲಿಲ್ಲ. "ಅಲ್ವೋ, ನಾವೇನು ಅಷ್ಟು ದಡ್ಡರಾ? ಎಲ್ರೂ ಹಾಕ್ದಾಗ ಬಿಡ್ಬೇಕು, ಎಲ್ರೂ ಬಿಟ್ಟಾಗ ಹಾಕ್ಬೇಕು ಅಂತ ನನಗೂ ಗೊತ್ತು, ಪಕ್ಕದ ತೋಟದವನಿಗೂ ಗೊತ್ತು." ಸರಿ, ಗೊತ್ತಿದ್ದೂ ಯಾಕೆ ಹೀಗಾಗುತ್ತೆ? ಅವರೇ ಹೇಳಿದ್ರು, ಡ್ರಿಪ್ಪು, ಮಲ್ಚಿಂಗ್ ಶೀಟು, ಕಡ್ಡಿಗೆಲ್ಲ ದುಡ್ಡು ಕೈಲಿರೋದು ರೇಟ್ ಸಿಕ್ಕಿದ ವರ್ಷ ಮಾತ್ರ, ರೇಟ್ ಬಿದ್ದಾಗ ಹಾಕೋಣ ಅಂದ್ರೆ ಸಾಲ ಕೊಡೋರು ಯಾರು. ಅಂದ್ರೆ ಇದು ನಿರೀಕ್ಷೆಯ ಸಮಸ್ಯೆ ಒಂದೇ ಅಲ್ಲ, ಸಾಲದ ಸಮಸ್ಯೆ ಕೂಡ. ಮೇಡಂಗೆ ಇದನ್ನ ಹೇಳ್ದಾಗ ಅವರು ಇದನ್ನೇ ಸೆಮಿನಾರ್ ಮಾಡು ಅಂದ್ರು. ಮಾಡ್ದೆ. ಡೇಟಾಗೆ ಕೃಷಿ ಮಾರಾಟ ವಾಹಿನಿ ವೆಬ್‌ಸೈಟ್ ಸಾಕು, ದಿನದ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ವ್ಯಾಪಾರ ನಡೆದ) ಬೆಲೆ ಸಿಗುತ್ತೆ, ಆದ್ರೆ ಅಲ್ಲಿ ಲೆಕ್ಕ ಕ್ವಿಂಟಾಲಲ್ಲಿ, ಮಂಡೀಲಿ ಮಾತು ಬಾಕ್ಸಲ್ಲಿ, ಭಾಗಾಕಾರ ಮಾಡ್ಕೋಬೇಕು.

ಇನ್ನೊಂದು ಉದಾಹರಣೆ ಸರ್ಕಾರಾನೇ ಕೊಡ್ತು. ಔದಾಸೀನ್ಯ ವಕ್ರರೇಖೆ (ಒಬ್ಬರಿಗೆ ಒಂದೇ ತೃಪ್ತಿ ಕೊಡೋ ವಸ್ತುಗಳ ಜೋಡಿಗಳನ್ನ ಸೇರಿಸೋ ಗೆರೆ) ಪಾಠದಲ್ಲಿ ಒಂದು ಹಳೇ ಪ್ರಶ್ನೆ ಇದೆ, ಬಡವರಿಗೆ ವಸ್ತು ಕೊಡೋದು ಒಳ್ಳೇದಾ ದುಡ್ಡು ಕೊಡೋದು ಒಳ್ಳೇದಾ ಅಂತ. ಪುಸ್ತಕದ ಉತ್ತರ, ದುಡ್ಡು ಕೊಟ್ರೆ ಕನಿಷ್ಠ ಅಷ್ಟೇ ಒಳ್ಳೇದು, ಕೆಲವರಿಗೆ ಇನ್ನೂ ಒಳ್ಳೇದು. 2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಸಿಗದೆ, ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕೋಕೆ ಶುರು ಮಾಡಿದ್ರು, 2025ರಲ್ಲಿ ಮತ್ತೆ ಅಕ್ಕಿಗೇ ಬಂದ್ರು. ನಾನು ಬಜೆಟ್ ರೇಖೆ, ಅಂದ್ರೆ ಕೈಲಿರೋ ದುಡ್ಡಿಗೆ ಏನೇನು ಎಷ್ಟೆಷ್ಟು ಕೊಳ್ಳಬಹುದು ಅನ್ನೋ ಗೆರೆ, ಎಳೆದೆ. ಅಡ್ಡಕ್ಕೆ ಅಕ್ಕಿ, ಮೇಲಕ್ಕೆ ಉಳಿದ ಖರ್ಚು. ಅಕ್ಕಿ ಕೊಟ್ರೆ ರೇಖೆ 5 ಕೆಜಿ ಬಲಕ್ಕೆ ಜರುಗುತ್ತೆ, ಆದ್ರೆ ಮೇಲುಗಡೆ ಚಪ್ಪಟೆ, ಯಾಕಂದ್ರೆ ಅಕ್ಕಿ ಬೇಡ ಅಂದ್ರೆ ಅದನ್ನ ಬೇಳೆ ಎಣ್ಣೆ ಮಾಡ್ಕೊಳ್ಳೋಕಾಗಲ್ಲ. ದುಡ್ಡು ಕೊಟ್ರೆ ಆ ಚಪ್ಪಟೆ ಭಾಗ ಇರಲ್ಲ. ನಮ್ಮಜ್ಜಿಗೆ ಮೂರು ಹೊತ್ತೂ ಮುದ್ದೆ, ಅವರಿಗೆ ದುಡ್ಡೇ ವಾಸಿ, ಪುಸ್ತಕ ಸರಿ. ಆದ್ರೆ ಅಂಗಡೀಲಿ ಅಕ್ಕಿ 50 ಅಂತ ಇಟ್ಕೊಂಡ್ರೆ 170ಕ್ಕೆ ಬರೋದು 3.4 ಕೆಜಿ ಮಾತ್ರ. ಅಂದ್ರೆ ದಿನಾ ಅನ್ನ ಮಾಡೋ ದೊಡ್ಡ ಸಂಸಾರಕ್ಕೆ ರೇಖೆ 5 ಕೆಜಿಯಷ್ಟು ಜರುಗಲ್ಲ, ಅವರಿಗೆ ಅಕ್ಕಿನೇ ವಾಸಿ. ಪುಸ್ತಕದ ಉತ್ತರ ನಿಲ್ಲೋದು ಮಾರ್ಕೆಟ್ ರೇಟಿಗೆ ದುಡ್ಡು ಕೊಟ್ಟಾಗ ಮಾತ್ರ. ಇದನ್ನ ಎಕ್ಸಾಮಲ್ಲಿ ಹತ್ತು ಮಾರ್ಕ್ಸ್ ಪ್ರಶ್ನೆಗೆ ಚಿತ್ರ ಸಮೇತ ಬರೆದೆ, ಮಾರ್ಕ್ಸ್ ಚೆನ್ನಾಗೇ ಬಂತು.

ಮ್ಯಾಥ್ಸ್. ನಾನು ಪಿಯುಸಿ ಆರ್ಟ್ಸ್, ಗಣಿತ ಇರ್ಲಿಲ್ಲ. ಬಿಎಗೆ ನಿಜ್ವಾಗಿ ಬೇಕಾಗೋದು ನೇರ ರೇಖೆಯ ಸಮೀಕರಣ, ಶೇಕಡಾ, ಮತ್ತೆ ಒಂದೇ ಒಂದು ಅವಕಲನ (ಡಿಫರೆನ್ಸಿಯೇಷನ್) ನಿಯಮ, ಘಾತ ಮುಂದಕ್ಕೆ ಬಂದು ಒಂದು ಕಮ್ಮಿ ಆಗುತ್ತಲ್ಲ ಅದು. ಸೈನ್ಸ್ ಫ್ರೆಂಡ್ ಹತ್ರ ಫಸ್ಟ್ ಪಿಯು ಗಣಿತ ಪುಸ್ತಕ ಇಸ್ಕೊಂಡೆ, ಪೂರ್ತಿ ಓದ್ಲಿಲ್ಲ, ಆ ಚಾಪ್ಟರ್ ಮಾತ್ರ. ಒಟ್ಟು ವೆಚ್ಚ = 50 + 10 × ಪ್ರಮಾಣ + ಪ್ರಮಾಣದ ವರ್ಗ ಅಂತ ತಗೊಳ್ಳಿ. 5 ಮಾಡೋಕೆ 125, 6 ಮಾಡೋಕೆ 146, ಕಳೆದ್ರೆ ಸೀಮಾಂತ ವೆಚ್ಚ, ಅಂದ್ರೆ ಇನ್ನೊಂದು ಮಾಡೋಕೆ ಆಗೋ ಹೆಚ್ಚಿನ ಖರ್ಚು, 21. ಅವಕಲನ ಮಾಡಿದ್ರೆ 5ರಲ್ಲಿ 20, 6ರಲ್ಲಿ 22. ಎರಡರ ನಡುವೆ ಸರಿಯಾಗಿ 21! ಟೇಬಲ್ಲೂ ಸೂತ್ರಾನೂ ಒಂದೇ ಮಾತು ಹೇಳ್ತಿದೆ ಅಂತ ಕಣ್ಣಾರೆ ಕಂಡ್ಮೇಲೆ ಭಯ ಹೋಯ್ತು.

ಮ್ಯಾಕ್ರೋ, ಅಂದ್ರೆ ಇಡೀ ದೇಶದ ಆರ್ಥಿಕತೆಯ ಪಾಠ, ನನಗೆ ಅಷ್ಟು ಹತ್ರ ಆಗ್ಲಿಲ್ಲ, ಸುಮ್ನೆ ಯಾಕೆ ಸುಳ್ಳು ಹೇಳ್ಲಿ. ಗುಣಕಕ್ಕೆ (ಒಂದು ಖರ್ಚು ಕೈಯಿಂದ ಕೈಗೆ ಹೋಗಿ ಒಟ್ಟು ಆದಾಯ ಎಷ್ಟು ಪಟ್ಟು ಆಗುತ್ತೆ ಅನ್ನೋದಕ್ಕೆ) ಸೀಮಾಂತ ಅನುಭೋಗ ಪ್ರವೃತ್ತಿ, ಅಂದ್ರೆ ಹೆಚ್ಚಿಗೆ ಬಂದ ಪ್ರತಿ ರೂಪಾಯಲ್ಲಿ ಖರ್ಚು ಮಾಡೋ ಪಾಲು, 0.8 ಇಟ್ಕೊಂಡು 100, 80, 64, 51.2 ಅಂತ ಕೂಡ್ತಾ ಹೋಗಿ 500ರ ಹತ್ರ ಹೋಗೋದು ನೋಡ್ದೆ, ಅಷ್ಟೇ. ರಾಷ್ಟ್ರೀಯ ಆದಾಯ ಮಾತ್ರ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರಿಂದ ಜೀವ ಬಂತು. 1972ರಲ್ಲಿ ಬೆಂಗಳೂರಿನ ಐಸೆಕ್ ಅನ್ನೋ ಸಂಶೋಧನಾ ಸಂಸ್ಥೆ ಕಟ್ಟಿದ್ರಲ್ಲ ಅವರೇ, ಕೇಂಬ್ರಿಡ್ಜಲ್ಲಿದ್ದಾಗ 1931-32ರ ಭಾರತದ ಆದಾಯ ಲೆಕ್ಕ ಹಾಕಿದ್ರು, ಅಂಕಿಅಂಶಾನೇ ಸರಿಯಾಗಿಲ್ಲದ ಕಾಲದಲ್ಲಿ. ಕರ್ನಾಟಕ ಆರ್ಥಿಕತೆ ಪೇಪರಿಗೆ ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿಯ 2002ರ ವರದಿ ಇದೆ, 175 ತಾಲ್ಲೂಕಲ್ಲಿ 114 ಹಿಂದುಳಿದವು ಅಂತ ಎಲ್ರೂ ಬರೀತಾರೆ, ಆದ್ರೆ 35 ಸೂಚಕ ಸೇರಿಸಿ ರಾಜ್ಯದ ಸರಾಸರಿಯನ್ನ 1 ಅಂತ ಇಟ್ಟು ಅದಕ್ಕಿಂತ ಕೆಳಗಿರೋದನ್ನ ಹೇಗೆ ಮೂರು ಭಾಗ ಮಾಡಿದ್ರು ಅನ್ನೋದನ್ನ ಎರಡು ಸಾಲಲ್ಲಿ ಬರೆದ್ರೆ ಉತ್ತರದ ತೂಕಾನೇ ಬೇರೆ.

ಭಾಷೆ ವಿಷಯಕ್ಕೆ, ಓದಿದ್ದು ಬರೆದಿದ್ದು ಎಲ್ಲಾ ಕನ್ನಡದಲ್ಲೇ, ಆದ್ರೆ ಗ್ರಾಫ್ ಬುಕ್ಕಿನ ಅಂಚಲ್ಲಿ ಪ್ರತಿ ಪದದ ಇಂಗ್ಲಿಷ್ ರೂಪ ಬರ್ಕೊಳ್ತಿದ್ದೆ, ಯೂಟ್ಯೂಬಲ್ಲಿ ಹುಡುಕೋಕೆ ಬೇಕಾಗುತ್ತೆ, ಎಂಎ ಸೇರಿದ್ಮೇಲೆ ಇನ್ನೂ ಬೇಕಾಗುತ್ತೆ. ಈಗ ನಾನು ಎಂಎಲಿ ಅದೇ ಟೊಮೆಟೊ ಡೇಟಾನ ಗ್ರೆಟ್ಲ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಹಾಕಿ ಹೋದ ಸೀಸನ್ ಬೆಲೆ ಈ ಸೀಸನ್ ಆವಕವನ್ನ (ಮಂಡಿಗೆ ಬರೋ ಮಾಲನ್ನ) ಎಷ್ಟು ನಿರ್ಧರಿಸುತ್ತೆ ಅಂತ ನೋಡ್ತಿದ್ದೀನಿ. ನಾಟಿ ಮಾಡಿ ಕೊಯ್ಲಿಗೆ ಬರೋಕೆ ಎರಡು ತಿಂಗಳ ಮೇಲೆ ಬೇಕು, ಹಾಗಾಗಿ ಎಷ್ಟು ವಾರ ಹಿಂದಿನ ಬೆಲೆ ತಗೋಬೇಕು ಅನ್ನೋದರಲ್ಲೇ ಸದ್ಯಕ್ಕೆ ಸಿಕ್ಕಾಕೊಂಡಿದ್ದೀನಿ, ಚಿಕ್ಕಪ್ಪ ಒಂದು ಲೆಕ್ಕ ಹೇಳ್ತಾರೆ, ಗೈಡ್ ಸರ್ ಇನ್ನೊಂದು ಹೇಳ್ತಾರೆ, ಎರಡನ್ನೂ ರನ್ ಮಾಡಿ ನೋಡ್ಬೇಕು.